ಒಲೆ ಹಚ್ಚದೆ, ತುಪ್ಪ ಮುಟ್ಟದೆ: ಮನೆಮಂದಿಯ ಹಣ್ಣಿನ ತಿಂಡಿ

ಮೈಸೂರಿನ ಒಂಟಿಕೊಪ್ಪಲಿನ ಕಾಳಿದಾಸ ರಸ್ತೆ ಬಿಟ್ಟು ಗೋಕುಲಂ ಕಡೆ ಹೆಜ್ಜೆ ಹಾಕಿದರೆ ಕೆಫೆಗಳ ಮೆನುವಿನಲ್ಲಿ ‘ವೀಗನ್’ ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪಟ್ಟಾಭಿ ಜೋಯಿಸ್ ಅವರ ಅಷ್ಟಾಂಗ ಯೋಗ ಶಾಲೆ ಲಕ್ಷ್ಮೀಪುರದಿಂದ ಗೋಕುಲಕ್ಕೆ ಬಂದ ಮೇಲೆ ಈ ಬಡಾವಣೆಯಲ್ಲಿ ವಿದೇಶಿ ವಿದ್ಯಾರ್ಥಿಗಳ ಓಡಾಟ ಹೆಚ್ಚಿತು. ಅವರ ಹಿಂದೆಯೇ ಬಾದಾಮಿ ಹಾಲು, ಬಟ್ಟಲು ತುಂಬ ಹಣ್ಣು, ಬೇಯಿಸದ ಖರ್ಜೂರದ ಉಂಡೆಗಳೂ ಬಂದವು. ಅದೇ ಹೊತ್ತಿಗೆ ಇತ್ತ ಒಂಟಿಕೊಪ್ಪಲಿನ ಮನೆಗಳಲ್ಲಿ ರಾಮನವಮಿಗೆ ಬಾಳೆಹಣ್ಣಿನ ರಸಾಯನ, ಪಾನಕ, ಕೋಸಂಬರಿ ತಮ್ಮ ಪಾಡಿಗೆ ತಾವು ನಡೆದೇ ಇದ್ದವು. ಇವಕ್ಕೆ ಓವನ್ ಬೇಡ. ಕೋಸಂಬರಿಯ ಒಗ್ಗರಣೆ ಬಿಟ್ಟರೆ ಒಲೆಯೂ ಬೇಡ. ರಸಾಯನದಿಂದ ಜೇನು, ತುಪ್ಪ, ಹಾಲು ಈ ಮೂರನ್ನು ತೆಗೆದಿಟ್ಟರೆ ಕೆಫೆಯ ಮೆನುವಿಗೂ ಮನೆಯ ಪಾತ್ರೆಗೂ ಹೆಚ್ಚು ದೂರವಿಲ್ಲ.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಅಡುಗೆಮನೆಗೆ ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲ. ಬೆಂಕಿ ಇಲ್ಲದಿದ್ದರೆ ‘ದೂರ ನಿಲ್ಲು’ ಎಂದು ಗದರುವ ಪ್ರಮೇಯವೂ ಇಲ್ಲ.

ಮೊದಲು ಏನು ಬಿಡಬೇಕು ಎಂಬುದು ತಿಳಿದಿರಲಿ. ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಹುಟ್ಟಿದ್ದು 1944ರಲ್ಲಿ. ಪ್ರಾಣಿಯಿಂದ ಬರುವ ಯಾವುದೂ ಬೇಡ ಎಂಬುದು ಅದರ ಮೂಲ ನಿಲುವು. ಹಾಗಾಗಿ ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪವೂ ಹೊರಗುಳಿಯುತ್ತವೆ. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಕಂಡರೆ ಸಾಕು ಎಂದುಕೊಳ್ಳುತ್ತೇವೆ. ಆದರೆ ಹಸಿರು ಚುಕ್ಕೆಯ ಲೆಕ್ಕದಲ್ಲಿ ಹಾಲೂ ಜೇನೂ ಸಸ್ಯಾಹಾರವೇ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ಆಹಾರಕ್ಕೆಂದೇ ಪ್ರತ್ಯೇಕ ನಿಯಮ ತಂದದ್ದು 2022ರಲ್ಲಿ. ಅದರ ಗುರುತು ಹಸಿರು ಬಣ್ಣದ ‘ವಿ’ ಅಕ್ಷರ, ಮೇಲೊಂದು ಎಲೆ. ಅಂಗಡಿಯ ಬಿಸ್ಕತ್ತು, ಚಾಕೊಲೇಟು ಬೆರೆಸುವುದಾದರೆ ಆ ಗುರುತು ನೋಡಿ. ಬರೀ ಹಣ್ಣು, ಬೆಲ್ಲ, ಕಾಯಿ, ಎಳ್ಳು, ಹುರಿಗಡಲೆಯಲ್ಲೇ ಮುಗಿಸುವುದಾದರೆ ಓದಲು ಪೊಟ್ಟಣವೇ ಇರುವುದಿಲ್ಲ.

ಹಣ್ಣಿನ ತಿಂಡಿ ಚೆನ್ನಾಗಿ ಬರುವುದೂ ಕೆಡುವುದೂ ನೀರಿನ ಲೆಕ್ಕದ ಮೇಲೆ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ನೀರು. ಮಾವಿನಲ್ಲಿ ಎಂಬತ್ತರ ಆಸುಪಾಸು, ಬಾಳೆಹಣ್ಣಿನಲ್ಲಿ ಎಪ್ಪತ್ತೈದು, ಒಣ ಖರ್ಜೂರದಲ್ಲಿ ಇಪ್ಪತ್ತರಷ್ಟು. ಕಲ್ಲಂಗಡಿಯಲ್ಲಿ ಉಂಡೆ ಕಟ್ಟಲು ಹೊರಟವರಿಗೆ ಸಿಗುವುದು ಶರಬತ್ತು. ಖರ್ಜೂರವಾದರೆ ಬೆರಳಿಗೆ ಅಂಟುವಷ್ಟು ಗಟ್ಟಿ. ನೀರು ಹೆಚ್ಚಿದ್ದಷ್ಟೂ ತಿಂಡಿ ಬೇಗ ಹಳಸುತ್ತದೆ ಎಂಬುದೂ ಇದೇ ಲೆಕ್ಕದ ಇನ್ನೊಂದು ಮುಖ. ಯಾವ ಹಣ್ಣನ್ನು ಉಂಡೆ ಮಾಡಬೇಕು, ಯಾವುದನ್ನು ಹೆಪ್ಪುಗಟ್ಟಿಸಬೇಕು, ಯಾವುದನ್ನು ಒಣಗಿಸಬೇಕು ಎಂದು ಮಕ್ಕಳನ್ನೇ ಕೇಳಿ. ಹಣ್ಣನ್ನು ಹೆಚ್ಚಿ, ತಟ್ಟೆಯಲ್ಲಿ ಹತ್ತು ನಿಮಿಷ ಬಿಟ್ಟು, ಅಡಿಯಲ್ಲಿ ಎಷ್ಟು ರಸ ನಿಂತಿದೆ ನೋಡಿ ಎಂದರೆ ಉತ್ತರ ಅವರಿಗೇ ಹೊಳೆಯುತ್ತದೆ.

ರಸಾಯನದಿಂದಲೇ ಶುರುಮಾಡುವುದು ಸುಲಭ. ಮೈಸೂರು ಕಡೆಯ ರಸಾಯನ ಸಾಮಾನ್ಯವಾಗಿ ಗಟ್ಟಿ. ಬಾಳೆಹಣ್ಣಿಗೆ ಕಾಯಿತುರಿ, ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ, ಕೊನೆಗೆ ತುಪ್ಪ, ಜೇನು. ಕರಾವಳಿಯವರು ಕಾಯಿಹಾಲು ಹಾಕಿ ತೆಳ್ಳಗೆ ಮಾಡುತ್ತಾರೆ, ಮೇಲೆ ಹುರಿದ ಎಳ್ಳು ಉದುರಿಸುತ್ತಾರೆ. ಹಸುವಿನ ಹಾಲಿನ ನೆನಪೇ ಬಾರದಂತೆ ಮಾಡುವುದು ಕರಾವಳಿಯ ಕ್ರಮ, ಹಾಗಾಗಿ ಇಲ್ಲಿ ಅದಕ್ಕೇ ಮೊದಲ ಮಣೆ. ನಾಲ್ಕು ಜನಕ್ಕೆ ಎಂಟು ಏಲಕ್ಕಿ ಬಾಳೆಹಣ್ಣು, ಅರ್ಧ ತೆಂಗಿನಕಾಯಿ, ಅರ್ಧ ಬಟ್ಟಲು ಪುಡಿ ಬೆಲ್ಲ, ಎರಡು ಏಲಕ್ಕಿ, ಒಂದು ಚಮಚ ಹುರಿದ ಎಳ್ಳು ಸಾಕು. ಕಾಯಿತುರಿಯನ್ನು ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಬಿಳಿ ಪಂಚೆಯ ತುಂಡಿನಲ್ಲಿ ಹಿಂಡಬೇಕು. ಬೆಚ್ಚಗಿನ ನೀರಿಗೆ ಕಾಯಿಯ ಎಣ್ಣೆ ಬೇಗ ಬಿಡುತ್ತದೆ, ಹಾಲು ದಪ್ಪಗೆ ಬರುತ್ತದೆ. ಹಿಂಡುವ ಕೆಲಸ ಮಕ್ಕಳಿಗೆ ಕೊಟ್ಟರೆ ಮೊಣಕೈವರೆಗೂ ಹಾಲು ಇಳಿಯುವುದು ಖಂಡಿತ. ಇಳಿಯಲಿ.

ನೆನಪಿಡಬೇಕಾದದ್ದು ಒಂದೇ. ಬಾಳೆಹಣ್ಣನ್ನು ಮೊದಲೇ ಹೆಚ್ಚಿಡಬೇಡಿ. ಹೆಚ್ಚಿದ ಕೂಡಲೇ ಹಣ್ಣಿನೊಳಗಿನ ಕಿಣ್ವಕ್ಕೆ ಗಾಳಿ ತಾಗಿ ಬಿಲ್ಲೆಗಳು ಕಂದು ತಿರುಗುತ್ತವೆ. ನಾಲ್ಕು ಹನಿ ನಿಂಬೆರಸ ಬಿದ್ದರೆ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ. ಬೆಲ್ಲವನ್ನು ಕಾಯಿಹಾಲಿನಲ್ಲಿ ಪೂರ್ತಿ ಕರಗಿಸಿ, ಸೋಸಿ, ಬಡಿಸುವ ಹೊತ್ತಿಗೆ ಹಣ್ಣು ಹೆಚ್ಚಿ ಹಾಕುವುದು ಸರಿಯಾದ ಕ್ರಮ. ಸೋಸುವಾಗ ಜರಡಿಯಲ್ಲಿ ಉಳಿಯುವ ಮರಳು, ಕಸ ಕಂಡರೆ ಸೋಸಿದ್ದು ಯಾಕೆ ಎಂದು ಮಕ್ಕಳಿಗೆ ಬೇರೆ ಹೇಳಬೇಕಿಲ್ಲ.

ಯಾವ ಬಾಳೆ? ಕೇಳಿದರೆ ಹಳೆಯ ಮೈಸೂರಿಗರು ನಂಜನಗೂಡು ರಸಬಾಳೆಯ ಹೆಸರು ಹೇಳದೆ ಬಿಡುವುದಿಲ್ಲ. ಭೌಗೋಳಿಕ ಗುರುತು ಪಡೆದ ಈ ತಳಿ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ತೋಟಗಳಲ್ಲಿ ವಿರಳವಾಯಿತು. ಅಪ್ಪಟ ರಸಬಾಳೆ ಸಿಕ್ಕರೆ ಅದನ್ನು ಹಾಗೇ ಸುಲಿದು ತಿನ್ನುವುದೇ ಮರ್ಯಾದೆ, ರಸಾಯನಕ್ಕೆ ಹಾಕಿ ಬೆಲ್ಲದಲ್ಲಿ ಮುಳುಗಿಸುವುದಲ್ಲ. ರಸಾಯನಕ್ಕೆ ಏಲಕ್ಕಿ ಬಾಳೆ ಧಾರಾಳ. ಪಚ್ಚಬಾಳೆ ಬೇಗ ಮೆತ್ತಗಾಗುತ್ತದೆ, ಅದನ್ನು ಫ್ರೀಜರಿಗೆ ಎತ್ತಿಡಿ.

ಫ್ರೀಜರಿಗೆ ಯಾಕೆ ಅಂದರೆ, ಮೆತ್ತಗಾದ ಬಾಳೆಹಣ್ಣಿಗೆ ಅಲ್ಲಿ ಮರುಜನ್ಮವಿದೆ. ಸಿಪ್ಪೆ ತೆಗೆದು, ಬಿಲ್ಲೆ ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಐದು ನಿಮಿಷ ಹೊರಗಿಟ್ಟು, ಮಿಕ್ಸಿಯ ಚಿಕ್ಕ ಜಾರಿನಲ್ಲಿ ತಡೆದು ತಡೆದು ತಿರುಗಿಸಿ. ಮೊದಲು ರವೆಯಂತೆ ಉದುರಾಗುತ್ತದೆ, ‘ಕೆಟ್ಟುಹೋಯಿತು’ ಎನ್ನಿಸುತ್ತದೆ. ಅಂಚಿಗೆ ಹತ್ತಿದ್ದನ್ನು ಕೆರೆದು ಇನ್ನೆರಡು ಸುತ್ತು ಕೊಟ್ಟರೆ ಇದ್ದಕ್ಕಿದ್ದಂತೆ ನುಣ್ಣಗೆ ತಿರುಗುತ್ತದೆ. ಹಾಲಿಲ್ಲ, ಸಕ್ಕರೆಯಿಲ್ಲ, ಐಸ್‌ಕ್ರೀಮ್ ಸಿದ್ಧ. ಬಾಳೆಯ ಸಕ್ಕರೆ ನೀರು ಪೂರ್ತಿ ಕಲ್ಲಾಗಲು ಬಿಡುವುದಿಲ್ಲ, ಅದರ ಪೆಕ್ಟಿನ್ ನುಣುಪು ಕೊಡುತ್ತದೆ. ಇದಕ್ಕೆ ಒಂದು ಚಮಚ ಕೋಕೋ ಪುಡಿ ಬಿದ್ದರೆ ಮಕ್ಕಳು ಬಾಳೆಹಣ್ಣು ಎಂದು ಗುರುತೇ ಹಿಡಿಯರು. ಜಾರು ಕಾದಂತೆ ಅನ್ನಿಸಿದರೆ ಮಿಕ್ಸಿ ನಿಲ್ಲಿಸಿ, ಮೋಟಾರು ಸುಟ್ಟರೆ ಐಸ್‌ಕ್ರೀಮಿನ ಲೆಕ್ಕವೇ ತಪ್ಪುತ್ತದೆ. ಮಿಕ್ಸಿ ದೊಡ್ಡವರ ಕೈಯಲ್ಲೇ ಇರಲಿ.

ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಮಾವಿನದೇ ರಾಜ್ಯಭಾರ. ಸೀಕರಣೆಗೆ ರಸಪುರಿ, ಹೆಚ್ಚಿ ತಿನ್ನಲು ಬಾದಾಮಿ ಎಂಬ ವಿಂಗಡಣೆ ಮೈಸೂರಿನ ಮನೆಗಳಲ್ಲಿ ಹೇಳಿಕೊಡದೆ ಬಂದದ್ದು. ರಸಪುರಿಯ ರಸಕ್ಕೆ ಹಾಲಿನ ಬದಲು ದಪ್ಪ ಕಾಯಿಹಾಲು, ಚಿಟಿಕೆ ಉಪ್ಪು, ಏಲಕ್ಕಿ ಹಾಕಿ ನೋಡಿ. ಹಾಲಿನ ಸೀಕರಣೆಗಿಂತ ಇದು ಒಂದು ಕೈ ಮೇಲು ಎನ್ನುವವರೂ ಇದ್ದಾರೆ. ಅದನ್ನೇ ಚಿಕ್ಕ ಸ್ಟೀಲ್ ಲೋಟಗಳಿಗೆ ಸುರಿದು, ಅರ್ಧ ಗಟ್ಟಿಯಾದಾಗ ಕಡ್ಡಿ ಚುಚ್ಚಿ, ಮತ್ತೆ ಫ್ರೀಜರಿಗಿಟ್ಟರೆ ಐಸ್‌ಕ್ಯಾಂಡಿ. ಮೊದಲೇ ಚುಚ್ಚಿದರೆ ಕಡ್ಡಿ ವಾಲುತ್ತದೆ. ತೆಗೆಯುವಾಗ ಲೋಟದ ಹೊರಮೈಗೆ ನಲ್ಲಿ ನೀರು ಬಿಡಿ, ಎಳೆದಾಡಬೇಡಿ.

ಮಾವು ಕೊಳ್ಳುವಾಗ ಒಂದು ಎಚ್ಚರಿಕೆ. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಎಥಿಲೀನ್ ಅನಿಲವನ್ನು ಮಿತಿಯಲ್ಲಿ ಬಳಸಬಹುದು. ಮೈಯೆಲ್ಲ ಒಂದೇ ಹಳದಿ, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ ಎಂದರೆ ಅಂಥದ್ದನ್ನು ಬಿಟ್ಟುಬಿಡುವುದು ಮೇಲು. ದೇವರಾಜ ಮಾರುಕಟ್ಟೆಯಲ್ಲೋ ಹಾಪ್‌ಕಾಮ್ಸ್ ಮಳಿಗೆಯಲ್ಲೋ ಬಲಿತ ದೋರೆಗಾಯಿ ತಂದು, ಹುಲ್ಲಿನಲ್ಲೋ ಅಕ್ಕಿ ಡಬ್ಬದಲ್ಲೋ ಹಣ್ಣಿಗೆ ಹಾಕಿದರೆ ಮೂರ್ನಾಲ್ಕು ದಿನ ಕಾಯುವ ತಾಳ್ಮೆಯಷ್ಟೇ ಖರ್ಚು. ಜೊತೆಗೊಂದು ಮಾಗಿದ ಬಾಳೆಹಣ್ಣು ಇಟ್ಟರೆ ಅದು ಬಿಡುವ ಎಥಿಲೀನ್ ಕೆಲಸವನ್ನು ಚುರುಕು ಮಾಡುತ್ತದೆ.

ಇನ್ನು ಉಂಡೆ. ಶಾಲೆಯ ಡಬ್ಬಿಗೆ, ಬೆಂಗಳೂರಿನ ರೈಲಿಗೆ, ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಉತ್ಸವದ ಸಂಗೀತ ಕಛೇರಿಗೆ ಹೊರಟವರ ಚೀಲಕ್ಕೆ ಸಲ್ಲುವ ತಿಂಡಿ ಇದೊಂದೇ. ಬೀಜ ತೆಗೆದ ಮೆತ್ತನೆಯ ಖರ್ಜೂರ ಕಾಲು ಕೆಜಿ, ಹುರಿಗಡಲೆ ನೂರು ಗ್ರಾಂ, ಹುರಿದ ಎಳ್ಳು ಐವತ್ತು ಗ್ರಾಂ, ಒಣಕೊಬ್ಬರಿ ತುರಿ ಒಂದು ಹಿಡಿ, ಏಲಕ್ಕಿ. ಹುರಿಗಡಲೆ ಅಂಗಡಿಯಿಂದ ಹುರಿದೇ ಬರುವುದರಿಂದ ಒಲೆಯ ಹಂಗಿಲ್ಲ. ಸಂಕ್ರಾಂತಿಗೆ ತಂದ ಹುರಿದ ಎಳ್ಳು ಉಳಿದಿದ್ದರೆ ಬಳಸಿ, ಆದರೆ ಮೂಸಿ ನೋಡಿ. ಎಣ್ಣೆ ಸಿಕ್ಕು ವಾಸನೆ ಬಂದಿದ್ದರೆ ಬೇಡ. ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಪಕ್ಕಕ್ಕಿಡಿ. ಖರ್ಜೂರವನ್ನು ಚಿಕ್ಕದಾಗಿ ಹೆಚ್ಚಿ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ, ಪುಡಿಯನ್ನು ಒಂದೊಂದೇ ಹಿಡಿ ಸೇರಿಸುತ್ತ ಕೈಯಲ್ಲಿ ನಾದಿ.

ಎಷ್ಟು ಪುಡಿ ಎಂಬುದನ್ನು ಬರೆದ ಅಳತೆಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ಒಂದು ಚೂರು ತೆಗೆದು ಹಿಚುಕಬೇಕು. ಬೆರಳಿಗೆ ಅಂಟಿ ಎಳೆಯಾದರೆ ಪುಡಿ ಕಡಿಮೆ, ಹಿಚುಕಿದ್ದು ಬಿರಿದು ಉದುರಿದರೆ ಹೆಚ್ಚು. ಬಿರಿದರೆ ಅರ್ಧ ಚಮಚ ಕಿತ್ತಳೆ ರಸ ಚಿಮುಕಿಸಿ, ಅದಕ್ಕಿಂತ ಹೆಚ್ಚು ಬೇಡ. ಬೆರಳಿನ ಗೆರೆ ಮೂಡಿ ಉಂಡೆ ನಿಂತರೆ ಹದ ಬಂತು. ತುಪ್ಪದ ಉಂಡೆ ಕಟ್ಟಿ ಪಳಗಿದ ಕೈಗೆ ಇಲ್ಲಿ ಜಾರುವ ಸುಖ ಸಿಗುವುದಿಲ್ಲ, ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡರೆ ಆಯಿತು. ಕಟ್ಟಿದ್ದನ್ನು ಕೊಬ್ಬರಿ ತುರಿಯಲ್ಲಿ ಹೊರಳಿಸಿ. ಇಷ್ಟು ಸಾಮಾನಿಗೆ ನೆಲ್ಲಿಕಾಯಿ ಗಾತ್ರದ ಇಪ್ಪತ್ತು ಉಂಡೆ ಬರುತ್ತವೆ. ಹವಾ ಆಡದ ಡಬ್ಬದಲ್ಲಿ ಹೊರಗೆ ನಾಲ್ಕೈದು ದಿನ, ಫ್ರಿಜ್‌ನಲ್ಲಿ ಎರಡು ವಾರ ಇರುತ್ತವೆ. ಕಿತ್ತಳೆ ರಸ ಹಾಕಿದ್ದರೆ ಫ್ರಿಜ್‌ಗೇ ಹೋಗಲಿ.

ಇದೇ ಹುರಿಗಡಲೆ ಪುಡಿಗೆ ಕಿವುಚಿದ ಬಾಳೆಹಣ್ಣು, ಬೆಲ್ಲದ ಪುಡಿ ಸೇರಿಸಿ ತಂಬಿಟ್ಟಿನ ಹಾಗೆ ಕಟ್ಟಬಹುದು. ಹಸಿ ಹಣ್ಣು ಸೇರಿದ ಮೇಲೆ ಅದು ಆ ಹೊತ್ತಿನ ತಿಂಡಿ, ಮರುದಿನಕ್ಕೆ ಇಡುವ ಮಾತಿಲ್ಲ.

ಜೆಲ್ಲಿ ಎಂದರೆ ಮಕ್ಕಳ ಕಣ್ಣು ಅರಳುತ್ತದೆ. ತೊಡಕಿರುವುದೂ ಅಲ್ಲೇ. ವಿದೇಶಿ ಜೆಲ್ಲಿ ಪುಡಿಗಳಲ್ಲಿ, ಜೆಲ್ಲಿ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಅದರ ಬದಲಿಗೆ ದಿನಸಿ ಅಂಗಡಿಯಲ್ಲಿ ಎಳೆ ಎಳೆಯಾಗಿ ಸಿಗುವ ಚೈನಾ ಗ್ರಾಸ್ ಬಳಸಿ, ಅದು ಕೆಂಪು ಕಡಲಪಾಚಿಯ ಸರಕು. ಇದಕ್ಕೆ ಮಾತ್ರ ಐದು ನಿಮಿಷ ಒಲೆ ಬೇಕು. ಹತ್ತು ಗ್ರಾಂ ಎಳೆಯನ್ನು ನೆನೆಸಿ, ಎರಡು ಲೋಟ ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ ಇಳಿಸಿ, ಆಮೇಲೆ ಎರಡು ಲೋಟ ಹಣ್ಣಿನ ರಸ ಬೆರೆಸಿ. ಹುಳಿ ರಸವನ್ನು ಜೊತೆಗೇ ಕುದಿಸಿದರೆ ಜೆಲ್ಲಿ ಸಡಿಲವಾಗುತ್ತದೆ. ಫ್ರಿಜ್‌ನ ತಣ್ಣನೆಯ ರಸ ಸುರಿದರೆ ತಕ್ಷಣ ಗಂಟುಗಂಟಾಗುತ್ತದೆ. ಅನಾನಸ್, ಪಪ್ಪಾಯದ ಹಸಿ ರಸ ಜೆಲಾಟಿನನ್ನು ಕರಗಿಸಿಬಿಡುತ್ತದೆ, ಚೈನಾ ಗ್ರಾಸಿಗೆ ಅದರ ಭಯವಿಲ್ಲ. ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗಲು 85 ಡಿಗ್ರಿಯಷ್ಟು ಶಾಖ ಬೇಕು, ಮೈಸೂರಿನ ಮೇ ತಿಂಗಳ ಮಧ್ಯಾಹ್ನಕ್ಕೂ ಅದು ಬಗ್ಗುವುದಿಲ್ಲ.

ಒಲೆಯೇ ಬೇಡ ಎನ್ನುವವರಿಗೆ ಕಾಮಕಸ್ತೂರಿ ಬೀಜ ಅಥವಾ ಚಿಯಾ ಇದೆ. ಚಿಯಾ ಮೆಕ್ಸಿಕೋ ಕಡೆಯ ಬೆಳೆಯಾದರೂ ಮೈಸೂರಿಗೆ ಅನ್ಯವಲ್ಲ. ಒಂಟಿಕೊಪ್ಪಲಿಗೆ ಹತ್ತಿರದಲ್ಲೇ, ರಾಜಕುಮಾರಿ ಚೆಲುವಾಜಮ್ಮಣ್ಣಿ ಅವರಿಗಾಗಿ ಕಟ್ಟಿದ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಚಿಯಾ ಬೇಸಾಯದ ವಿಧಾನವನ್ನು ರೂಪಿಸಿ ರೈತರಿಗೆ ದಾಟಿಸಿತು. ಈಗ ಎಚ್.ಡಿ. ಕೋಟೆ ಕಡೆ ಅದನ್ನು ಬೆಳೆಯುತ್ತಾರೆ. ಚಿಯಾ ತನ್ನ ತೂಕದ ಹತ್ತರಷ್ಟು ನೀರು ಹೀರಿ ಲೋಳೆಯಾಗುತ್ತದೆ. ಕಿವುಚಿದ ಪಪ್ಪಾಯ ಒಂದು ಬಟ್ಟಲಿಗೆ ಎರಡು ಚಮಚ ಚಿಯಾ, ಒಂದು ಚಮಚ ನಿಂಬೆರಸ ಕಲಸಿ ಅರ್ಧ ಗಂಟೆ ಬಿಟ್ಟರೆ ಬ್ರೆಡ್ಡಿಗೆ ಸವರುವ ಜಾಮ್ ಆಗುತ್ತದೆ. ಕುದಿಸದ ಜಾಮ್ ಆದ್ದರಿಂದ ಮೂರು ದಿನದೊಳಗೆ ಮುಗಿಸಬೇಕು. ಒಣ ಚಿಯಾವನ್ನು ಹಾಗೇ ಬಾಯಿಗೆ ಹಾಕಿಕೊಳ್ಳಲು ಮಕ್ಕಳಿಗೆ ಬಿಡಬೇಡಿ, ಗಂಟಲಲ್ಲಿ ಉಬ್ಬೀತು.

ಅದೇ ಸಿಎಫ್‌ಟಿಆರ್‌ಐ ಉದ್ದಿಮೆಗಳಿಗೆ ಒದಗಿಸಿರುವ ತಂತ್ರಗಳಲ್ಲಿ ಹಣ್ಣಿನ ಬಾರ್ ಕೂಡ ಒಂದು. ಮಾವಿನ ತಿರುಳನ್ನು ತೆಳುವಾಗಿ ಹರಡಿ, ಬಿಸಿಗಾಳಿಯಲ್ಲಿ ಒಣಗಿಸಿ, ಪದರದ ಮೇಲೆ ಪದರ ಕೂಡಿಸಿ ಕತ್ತರಿಸುವುದು ಅದರ ಕ್ರಮ. ಕರಾವಳಿಯ ಮನೆಗಳು ಮಾಂಬಳ ಎಂದು ಅಂಗಳದ ಬಿಸಿಲಿನಲ್ಲಿ ಮಾಡುತ್ತ ಬಂದದ್ದೂ ಇದನ್ನೇ: ಚಾಪೆಯ ಮೇಲೆ ದಿನಕ್ಕೊಂದು ಪದರ ರಸ. ಒಂಟಿಕೊಪ್ಪಲಿನ ತಾರಸಿಯಲ್ಲಿ ಮಾಡುವುದಾದರೆ ಸ್ಟೀಲ್ ತಟ್ಟೆಗೆ ಕೊಬ್ಬರಿ ಎಣ್ಣೆ ಸವರಿ, ಬೀಸಿದ ತಿರುಳನ್ನು ಮೂರು ಮಿಲಿಮೀಟರ್ ದಪ್ಪಕ್ಕಿಂತ ಹೆಚ್ಚಿಲ್ಲದಂತೆ ಹರಡಿ, ಮೇಲೆ ತೆಳು ಸೊಳ್ಳೆಪರದೆ ಹೊದಿಸಿ. ಮೊದಲ ಪದರ ಬೆರಳಿಗೆ ಅಂಟದಂತಾದ ಮೇಲೆ ಎರಡನೆಯದು. ದಪ್ಪ ಹರಡಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿದು ಹುಳಿ ಬಂದುಬಿಡುತ್ತದೆ. ಸಂಜೆ ಇಬ್ಬನಿಗೆ ಮುನ್ನ ಒಳಗೆ ತರಬೇಕು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಮಳೆ ಹೇಳಿಕೇಳಿ ಬರುವುದಲ್ಲ, ತಾರಸಿ ಕಾಯುವ ಕೆಲಸವನ್ನು ಸರದಿಯಲ್ಲಿ ಮಕ್ಕಳಿಗೆ ವಹಿಸಿ. ಕಾಯುವವರೇ ಅಂಚಿನಿಂದ ಕಿತ್ತು ತಿನ್ನುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ಒಂದು ತಟ್ಟೆ ಜಾಸ್ತಿ ಹಾಕಿರಿ.

ಸಿಹಿ ಸಾಕೆನಿಸಿದ ದಿನ ಕಡಲೆಪುರಿಗೆ ತೋತಾಪುರಿ ಕಾಯಿಯ ತುರಿ, ದಾಳಿಂಬೆ ಕಾಳು, ಕ್ಯಾರೆಟ್ ತುರಿ, ಉಪ್ಪು, ಖಾರದ ಪುಡಿ, ಒಂದು ಚಮಚ ಕೊಬ್ಬರಿ ಎಣ್ಣೆ. ಕಲಸಿದ ಎರಡೇ ನಿಮಿಷಕ್ಕೆ ಪುರಿ ಮೆತ್ತಗಾಗುತ್ತದೆ, ತಿನ್ನುವವರು ಕೂತ ಮೇಲೆ ಕಲಸಿ.

ಕೆಲಸ ಹಂಚುವಾಗ ವಯಸ್ಸು ನೋಡಬೇಕು. ನಾಲ್ಕೈದರ ಮಕ್ಕಳು ಬಾಳೆಹಣ್ಣು ಸುಲಿಯಲಿ, ದಾಳಿಂಬೆ ಬಿಡಿಸಲಿ, ಉಂಡೆ ಹೊರಳಿಸಲಿ. ಎಂಟರವರು ನಿಂಬೆ ಹಿಂಡಲಿ, ಬೆಲ್ಲ ಸೋಸಲಿ, ಅಳತೆ ಹಾಕಲಿ. ಚಾಕು ಇನ್ನೂ ದೊಡ್ಡವರಿಗೆ, ಅದೂ ಪಕ್ಕದಲ್ಲಿ ಒಬ್ಬರು ನಿಂತಿದ್ದಾಗ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ, ಇಡೀ ಕಡಲೆಬೀಜ, ಗೋಡಂಬಿ ಕೊಡಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ. ಕಡಲೆಬೀಜವಾದರೆ ಪುಡಿ ಮಾಡಿಯೇ ಬೆರೆಸಿ. ಪಕ್ಕದ ಮನೆಯ ಮಕ್ಕಳೂ ಸೇರಿದ್ದರೆ ಕಡಲೆಬೀಜ, ಎಳ್ಳು, ಗೋಡಂಬಿ ಒಗ್ಗುತ್ತದೆಯೇ ಎಂದು ಅವರಮ್ಮನನ್ನು ಮೊದಲೇ ಕೇಳಿ.

ಹಣ್ಣಿನದ್ದು ಎಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಬಹುದು ಎಂಬ ಭ್ರಮೆ ಕೆಫೆಗಳಲ್ಲೂ ಇದೆ, ಮನೆಗಳಲ್ಲೂ ಇದೆ. ಒಣ ಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಮೇಲೆ ಬೆಲ್ಲ ಬಿದ್ದರಂತೂ ಕೇಳುವುದೇ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ವಯಸ್ಕರ ದಿನದ ತಟ್ಟೆಗೆ ಸೂಚಿಸುವ ಹಣ್ಣು ನೂರು ಗ್ರಾಂ, ಅಂದರೆ ಒಂದು ಮಧ್ಯಮ ಗಾತ್ರದ ಸೀಬೆಹಣ್ಣು. ಹೊತ್ತಿಗೆ ಎರಡು ಉಂಡೆ ಸಾಕು. ಹಲ್ಲಿಗೆ ಅಂಟುವ ತಿಂಡಿಯಾದ್ದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರ ಪಾಲಿಗೆ ಉಂಡೆ ಬದಲು ಉಪ್ಪು ಖಾರದ ಸೀಬೆ ಹೋಳು ಇಡಿ. ಇನ್ನು ಇಡೀ ಕುಟುಂಬವೇ ಹಾಲು, ಮೊಸರು ಬಿಡುವ ಯೋಚನೆಯಲ್ಲಿದ್ದರೆ ಅದು ತಿಂಡಿಯ ಮಟ್ಟದ ಮಾತಲ್ಲ. ಬಿ-12 ಜೀವಸತ್ವ ಸಸ್ಯಾಹಾರದಲ್ಲಿ ನೆಚ್ಚುವಷ್ಟು ಸಿಗುವುದಿಲ್ಲ, ಬೆಳೆಯುವ ಮಕ್ಕಳಿರುವ ಮನೆಯವರು ವೈದ್ಯರ ಬಳಿ ಮಾತಾಡಿಯೇ ಮುಂದುವರಿಯಬೇಕು.

ಕಾಯಿಹಾಲು ಹಿಂಡಿದ ಮೇಲೆ ಉಳಿಯುವ ಚರಟವನ್ನು ಎಸೆಯಬೇಡಿ. ತಟ್ಟೆಯಲ್ಲಿ ಹರಡಿ ಒಂದು ದಿನದ ಬಿಸಿಲಿಗಿಟ್ಟು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಮುಂದಿನ ಸಲ ಖರ್ಜೂರದ ಉಂಡೆ ಹೊರಳಿಸುವಾಗ ಕೊಬ್ಬರಿ ತುರಿಯ ಜಾಗಕ್ಕೆ ಅದೇ ಆಗುತ್ತದೆ.